ದೋಣಿ ಯಾರ ಕೈಯಲ್ಲಿ

ನಮ್ಮ ಮನೆಯಲ್ಲಿ ಚೌಕಾಬಾರ ನಿಂತುಹೋದದ್ದು ಅವ್ವನ ಹಣೆಗೆ ಕವಡೆ ಬಡಿದ ದಿನ. ಇನ್ನೇನು ಹಣ್ಣಾಗಬೇಕಿದ್ದ ನನ್ನ ಕಾಯನ್ನು ಅಣ್ಣ ಬಸು ಕಡಿದಿದ್ದ. ಕಡಿದು ಸುಮ್ಮನಿದ್ದರೆ ಆಗುತ್ತಿತ್ತು, ಅದನ್ನೇ ರಾಗವಾಗಿ ಹೇಳಿ ಅಣಕಿಸಿದ. ನಾನು ಕವಡೆಗಳನ್ನು ಬಾಚಿ ಅವನತ್ತ ಬೀಸಿದೆ. ಅವನು ತಲೆ ತಗ್ಗಿಸಿದ. ರೊಟ್ಟಿ ಬುಟ್ಟಿ ಹಿಡಿದು ಅಡುಗೆಮನೆಯಿಂದ ಹೊರಗೆ ಬರುತ್ತಿದ್ದ ಅವ್ವನಿಗೆ ತಗ್ಗಿಸಲು ವೇಳೆ ಸಿಗಲಿಲ್ಲ. ಕುಂಕುಮದ ಪಕ್ಕದಲ್ಲೇ ಒಂದು ಕೆಂಪು ಗುರುತು ಎದ್ದಿತು. ಅವ್ವ ಬೈಯಲಿಲ್ಲ. ಬುಟ್ಟಿಯನ್ನು ಕೆಳಗಿಟ್ಟು, ಚೆಲ್ಲಿದ ಕವಡೆಗಳನ್ನೆಲ್ಲ ಆಯ್ದು, ಪೇಪರು ಓದುತ್ತಿದ್ದ ಅಪ್ಪನ ಮುಂದೆ ಇಟ್ಟಳು.

“ಇವನ್ನ ಎಲ್ಲಿ ಇಡ್ತೀರೋ ಇಡ್ರಿ. ಇವರ ಕೈಯಾಗ ಮಾತ್ರ ಕೊಡಬ್ಯಾಡ್ರಿ.”

ಅಪ್ಪ ಜಾಲಹಳ್ಳಿಯ ಒಂದು ಕಾರ್ಖಾನೆಯಲ್ಲಿ ಡ್ರಾಫ್ಟ್ಸ್‌ಮನ್ ಆಗಿದ್ದರು. ಯಂತ್ರದ ಭಾಗಗಳ ನಕ್ಷೆ ಬರೆಯುವುದು ಅವರ ಕೆಲಸ. ಮನೆಯಲ್ಲಿಯೂ ಅವರ ಅಂಗಿಯ ಜೇಬಿನಲ್ಲಿ ಚೂಪಾದ ಪೆನ್ಸಿಲ್ ಇರುತ್ತಿತ್ತು. ಕಾರ್ಖಾನೆ ಕೊಟ್ಟ ಕ್ವಾರ್ಟರ್ಸಿನಲ್ಲಿ ಇದ್ದದ್ದು ಎರಡು ಕೋಣೆ, ಒಂದು ಅಡುಗೆಮನೆ, ಹಿಂದೆ ಬಟ್ಟೆ ಒಗೆಯುವ ಕಲ್ಲು. ಮುಂದಿನ ಕೋಣೆಯಲ್ಲಿ ನಾವು ಓದುತ್ತಿದ್ದೆವು, ಉಣ್ಣುತ್ತಿದ್ದೆವು, ಬಂದವರನ್ನು ಕೂರಿಸುತ್ತಿದ್ದೆವು, ಮಲಗುತ್ತಿದ್ದೆವು. ಆಗಾಗ ಏರ್‌ಫೋರ್ಸಿನ ವಿಮಾನ ಹಾದುಹೋದಾಗ ಕಿಟಕಿಯ ಗಾಜು ಗಲಗಲ ಅನ್ನುತ್ತಿತ್ತು. ಅವ್ವ ಮಾತಿನ ನಡುವೆ ನಿಂತು, ಅದು ಹೋದ ಮೇಲೆ ಬಿಟ್ಟಲ್ಲಿಂದಲೇ ಮುಂದುವರಿಸುತ್ತಿದ್ದಳು. ಕವಡೆ ಬಡಿದ ಆ ವಾರವೆಲ್ಲ ಅಪ್ಪ ಆಫೀಸಿನಿಂದ ಬಂದವರೇ, ಚಹಾ ಕುಡಿದು, ಹಳೆಯ ಡ್ರಾಯಿಂಗ್ ಶೀಟಿನ ಹಿಂಬದಿಯಲ್ಲಿ ಏನನ್ನೋ ಬರೆಯುತ್ತ ಕೂತರು. ಕೇಳಿದರೆ ಹೇಳಲಿಲ್ಲ. ಭಾನುವಾರ ಊಟವಾದ ಮೇಲೆ ಚಾಪೆ ಹಾಸಿ, ಪ್ಲೈವುಡ್ ಹಲಗೆಗೆ ಅಂಟಿಸಿದ್ದ ಆ ಹಾಳೆಯನ್ನು ಅದರ ಮೇಲಿಟ್ಟರು.

“ನೀವು ಹಿಂಗ ಹೊಡದಾಡೂದಾದ್ರ ಒಬ್ಬರ ಮ್ಯಾಲೊಬ್ಬರು ಆಡೂದ ಬ್ಯಾಡ. ಇನ್ನ ಮ್ಯಾಲೆ ನಾವೆಲ್ಲಾ ಒಂದ ಕಡೆ.”

“ಹಂಗಾರ ಎದುರಿಗೆ ಯಾರು?” ಬಸು ಕೇಳಿದ.

“ಹೊಳಿ,” ಅಂದರು ಅಪ್ಪ.

ಹಾಳೆಯ ಮೇಲೆ ಒಂದು ಊರಿತ್ತು. ಕೆಳತುದಿಯಲ್ಲಿ ನೀಲಿ ಶಾಯಿಯ ಹೊಳೆ, ಮೇಲ್ತುದಿಯಲ್ಲಿ ದಿಬ್ಬದ ಮೇಲೊಂದು ಗುಡಿ, ನಡುವೆ ಸಾಲುಸಾಲಾಗಿ ಮನೆಗಳು. ಒಂದೊಂದು ಮನೆಯಲ್ಲೂ ಹುಣಸೆಬೀಜ ಇಡಬೇಕು. ಅವು ಜನ, ದನ. ನಾವು ನಮ್ಮ ಕಾಯಿ ನಡೆಸಿ ಅವರನ್ನು ದಿಬ್ಬಕ್ಕೆ ಸಾಗಿಸಬೇಕು. ಪ್ರತಿ ಸುತ್ತಿನ ಕೊನೆಗೆ ಹೊಳೆಯ ಪರವಾಗಿ ಕವಡೆ ಹಾಕಬೇಕು. ಬಿದ್ದ ಲೆಕ್ಕಕ್ಕೆ ತಕ್ಕಂತೆ ನೀರು ಸಾಲು ಸಾಲಾಗಿ ಮೇಲೇರುತ್ತದೆ. ಅಪ್ಪ ಊರ ಗೌಡ, ಬಸು ದನ ಕಾಯುವವ, ನಾನು ಅಂಬಿಗ. ನೀರು ನುಂಗಿದ ಓಣಿಗೆ ಹೋಗಬಲ್ಲದ್ದು ನನ್ನ ದೋಣಿ ಒಂದೇ. ಎರಡು ಮನೆ ಮುಳುಗಿದರೆ ಸೈರಿಸಬಹುದು, ಮೂರನೆಯದು ಹೋದರೆ ಊರೇ ಹೋದಂತೆ. ಗೆದ್ದರೆ ಎಲ್ಲರೂ ಗೆದ್ದಂತೆ, ಸೋತರೆ ಎಲ್ಲರೂ ಸೋತಂತೆ.

ನಾವು ಸೋತೆವು. ಮುಂದಿನ ವಾರವೂ ಸೋತೆವು. ಸೋಲು ಅಷ್ಟು ಹಿತವಾಗಿರುತ್ತದೆಂದು ನನಗೆ ಗೊತ್ತಿರಲಿಲ್ಲ. ಅಪ್ಪನ ಬಲಮಗ್ಗುಲಿಗೆ ಕೂತು, ಅವರ ಮೊಣಕಾಲಿಗೆ ಮೊಣಕಾಲು ತಾಗಿಸಿ, “ಅಂಬಿಗವ್ವ, ಈಗೇನ ಮಾಡೂದವಾ?” ಎಂದು ಅವರು ಕೇಳುವುದನ್ನು ಕಾಯುತ್ತಿದ್ದೆ. ವಾರದ ದಿನಗಳಲ್ಲಿ ಅಪ್ಪ ಹೆಚ್ಚು ಮಾತಾಡುವವರಲ್ಲ. ಬಸುವಿನ ಲೆಕ್ಕದ ಪುಸ್ತಕ ನೋಡುತ್ತಿದ್ದರು, ನನ್ನದನ್ನು ಅವ್ವನ ಪಾಲಿಗೆ ಬಿಡುತ್ತಿದ್ದರು. ಭಾನುವಾರದ ಆ ಹೊತ್ತು ಮಾತ್ರ ನನ್ನ ಉತ್ತರಕ್ಕಾಗಿ ತಲೆಯೆತ್ತಿ ನೋಡುತ್ತಿದ್ದರು. ನಾನು ಪ್ರತಿ ಸಲವೂ ದೋಣಿಯನ್ನು ಎಲ್ಲಕ್ಕಿಂತ ಕೆಳಗಿನ ಒಂಟಿ ಮನೆಗೆ ಮೊದಲು ಬಿಡುತ್ತಿದ್ದೆ. ಅಲ್ಲಿದ್ದದ್ದು ಒಬ್ಬ ಹೆಂಗಸು, ಒಂದು ಎಮ್ಮೆ. ಅಷ್ಟು ದೂರ ಹೋಗಿ ಬರುವುದರಲ್ಲಿ ಮಿಕ್ಕ ಓಣಿಗಳು ಮುಳುಗುತ್ತಿದ್ದವು. ಅಪ್ಪ ನಗುತ್ತಿದ್ದರು. ಅವ್ವ ಒಮ್ಮೆಯೂ ಬಂದು ಕೂರಲಿಲ್ಲ. ಅಡುಗೆಮನೆಯ ಬಾಗಿಲಿಗೆ ಬೆನ್ನು ಕೊಟ್ಟು ಶೇಂಗಾ ಸುಲಿಯುತ್ತಲೋ ಜೋಳ ಹಸನು ಮಾಡುತ್ತಲೋ ಇರುತ್ತಿದ್ದಳು. ಅವಳನ್ನು ನಾವು ಕರೆಯಲೂ ಇಲ್ಲ.

ವಸಂತಾಳನ್ನು ಮನೆಗೆ ಕರೆತಂದವಳು ನಾನೇ. ಅವಳು ನನ್ನ ಕ್ಲಾಸಿನವಳು, ಹಿಂದಿನ ಸಾಲಿನ ಕ್ವಾರ್ಟರ್ಸಿನಲ್ಲಿ ಅವಳ ಮನೆ. ಅವಳ ಅಪ್ಪ ಕಾರ್ಖಾನೆಯ ಗೇಟಿನಲ್ಲಿ ವಾಚ್‌ಮನ್. ರಾತ್ರಿ ಪಾಳಿ ಮುಗಿಸಿ ಬಂದು ಹಗಲು ಮಲಗುತ್ತಿದ್ದರು. ಹಾಗಾಗಿ ಆ ಮನೆಯಲ್ಲಿ ಸಂಜೆಯವರೆಗೆ ಪಾತ್ರೆಯ ಸದ್ದೂ ಆಗಕೂಡದು. ಭಾನುವಾರ ಏನು ಮಾಡುತ್ತೀ ಎಂದು ಕೇಳಿದರೆ, “ಸುಮ್ನೆ ಕೂತಿರ್ತೀನಿ ಕಣೆ” ಎಂದಿದ್ದಳು. ನನಗೆ ಪಾಪ ಅನ್ನಿಸಿತು. ನಮ್ಮ ಆಟವನ್ನು ತೋರಿಸಿ ಮೆರೆಯಬೇಕೆಂಬ ಆಸೆಯೂ ಇತ್ತು.

ಮೊದಲ ದಿನ ಅವಳು ಚಾಪೆಯ ಅಂಚಿಗೆ ಕೂತು ಒಂದು ಆಟ ಪೂರ್ತಿ ನೋಡಿದಳು. ಎಂದಿನಂತೆ ಊರು ಮುಳುಗಿತು. ಬೀಜಗಳನ್ನು ಮತ್ತೆ ಜೋಡಿಸುವಾಗ ಮೆಲ್ಲಗೆ ಕೇಳಿದಳು.

“ಅಂಕಲ್, ಎರಡು ಮನೆ ಹೋದ್ರೆ ಪರವಾಗಿಲ್ಲ ಅಂದ್ರಲ್ವಾ?”

“ಹೌದು.”

“ಹಾಗಾದ್ರೆ ಆ ಕೆಳಗಿನ ಮನೆ ಮೊದಲೇ ಬಿಟ್ಬಿಡೋಣ. ಒಂದೇ ಎಮ್ಮೆ ತಾನೆ ಇರೋದು. ದೋಣಿ ನಡು ಓಣೀಲೇ ಇರ್ಲಿ.”

ಅಪ್ಪ ಹಲಗೆಯನ್ನು ನೋಡಿದರು. ಅವಳನ್ನು ನೋಡಿದರು. ಮತ್ತೆ ಹಲಗೆಯನ್ನು ನೋಡಿದರು. ಅವಳು ಹೇಳಿದಂತೆ ಆಡಿದೆವು. ನೀರು ಗುಡಿಯ ಮೆಟ್ಟಿಲಿಗೆ ಬರುವಷ್ಟರಲ್ಲಿ ಮಿಕ್ಕ ಜನರೆಲ್ಲ ದಿಬ್ಬದ ಮೇಲಿದ್ದರು. ಬಸು ಎದ್ದು ಕುಣಿದ. ಅಪ್ಪ ಅವಳ ತಲೆಯ ಮೇಲೆ ಕೈಯಿಟ್ಟು, “ಭಾಳ ಶಾಣ್ಯಾಕಿ ಇದ್ದೀಯವಾ” ಎಂದರು. ನಾನೂ ಚಪ್ಪಾಳೆ ತಟ್ಟಿದೆ. ಗೆದ್ದವರಲ್ಲಿ ನಾನೂ ಒಬ್ಬಳಲ್ಲವೇ. ಆದರೆ ಅಪ್ಪನ ಕೈ ಅವಳ ತಲೆಯ ಮೇಲೆ ಎಷ್ಟು ಹೊತ್ತು ಇತ್ತು ಎಂಬುದನ್ನು ನೋಡುತ್ತಲೇ ತಟ್ಟಿದೆ. ಮುಂದಿನ ಭಾನುವಾರ ಅವರು ಸಹಜವಾಗಿಯೇ ಹೇಳಿದರು.

“ಶೈಲಾ, ಈ ಸಲ ದೋಣಿ ವಸಂತಾ ಹಿಡೀಲಿ. ನೀ ತಳವಾರ ಆಗು.”

ತಳವಾರ ಅಂದರೆ ಊರೆಲ್ಲ ಓಡಾಡಿ ಡಂಗುರ ಹೊಡೆಯುವವ. ಅವನು ಯಾರನ್ನೂ ಉಳಿಸುವುದಿಲ್ಲ.

ಹೊಟ್ಟೆಕಿಚ್ಚು ಎನ್ನುವುದು ನನಗೆ ಹೊಸದೇನೂ ಅಲ್ಲ. ಬಸುವಿನ ಸೈಕಲ್ಲಿನ ಮೇಲೆ ಇತ್ತು, ಕ್ಲಾಸಿನಲ್ಲಿ ಉದ್ದ ಜಡೆಯ ಹುಡುಗಿಯರ ಮೇಲೆ ಇತ್ತು. ಅವೆಲ್ಲ ಬಂದು ಹೋಗುತ್ತಿದ್ದವು. ಇದು ಮನೆಯೊಳಗೆ ಬಂದು ಕೂತಿತು. ವಸಂತಾ ನಮ್ಮ ಬಾಗಿಲಲ್ಲಿ ಚಪ್ಪಲಿ ಬಿಡುವ ಸದ್ದಿಗೇ ನಾನು ಅಪ್ಪನ ಬಲಮಗ್ಗುಲಿಗೆ ಹೋಗಿ ಕೂತುಬಿಡುತ್ತಿದ್ದೆ. ಅವಳು ನಮ್ಮ ರೊಟ್ಟಿಯನ್ನು ಮೊದಲು ಅನುಮಾನದಿಂದ ನೋಡಿದಳು, ಆಮೇಲೆ ಎಣ್ಣೆಗಾಯಿ ಪಲ್ಯದ ಜೊತೆ ಹಚ್ಚಿಕೊಂಡು ತಿನ್ನುವುದನ್ನು ಕಲಿತಳು, ಆಮೇಲೆ “ಶೇಂಗಾ ಹಿಂಡಿ ಇದೆಯಾ?” ಎಂದು ಅವಳೇ ಕೇಳತೊಡಗಿದಳು. ಅವ್ವ ಅವಳ ತಾಟಿಗೆ ಬೆಣ್ಣೆ ಹಾಕುವಾಗ ನಾನು ಬೆಣ್ಣೆಯ ಗಾತ್ರ ನೋಡುತ್ತಿದ್ದೆ. ಇದಕ್ಕಿಂತ ಉರಿಸಿದ್ದು ಮಾತು. ಶಾಲೆಯಲ್ಲಿ ನಾನು “ಹೋಗೂಣು” ಅಂದರೆ ಹುಡುಗಿಯರು ಗೊಳ್ಳೆಂದು ನಗುತ್ತಿದ್ದರು. ವರ್ಷವಿಡೀ ಕಷ್ಟಪಟ್ಟು ನಾನು “ಹೋಗೋಣ್ವಾ, ಬರ್ತೀಯಾ, ಏನ್ ಸಮಾಚಾರ” ಎಂದು ನಾಲಗೆ ತಿದ್ದಿಕೊಂಡಿದ್ದೆ. ನಾನು ಬಿಟ್ಟದ್ದನ್ನು ವಸಂತಾ ನಮ್ಮ ಮನೆಯಲ್ಲಿ ಒಂದೊಂದಾಗಿ ಎತ್ತಿಕೊಂಡಳು. ಒಂದು ದಿನ “ಅಂಕಲ್” ಹೋಗಿ “ಕಾಕಾ” ಬಂತು. ಇನ್ನೊಂದು ದಿನ ಕವಡೆ ಕೈಯಲ್ಲಿ ಕುಲುಕುತ್ತ, “ನೀರು ಏರಾಕತ್ತೈತಿ ಕಾಕಾ” ಎಂದಳು. ಅಪ್ಪ ಬಿದ್ದು ಬಿದ್ದು ನಕ್ಕರು. ಅಡುಗೆಮನೆಯತ್ತ ತಿರುಗಿ, “ಕೇಳಿದ್ಯೇನ? ನಮ್ಮ ಕಡೀ ಹುಡುಗೀನ ಆದ್ಲು” ಎಂದರು. ಅದೇ ಮಾತು ನಾನು ಆಡಿದ್ದರೆ ಅವರ ಕಿವಿಗೆ ಬೀಳುತ್ತಲೇ ಇರಲಿಲ್ಲ.

ಬೇರೆ ಆಟವಾಗಿದ್ದರೆ ಅವಳನ್ನು ಸೋಲಿಸಬಹುದಿತ್ತು. ಕಾಯಿ ಕಡಿದು, ಅಣಕಿಸಿ, ಅಳಿಸಿ ಕಳಿಸಬಹುದಿತ್ತು. ಈ ಆಟದಲ್ಲಿ ಅವಳು ಒಳ್ಳೆಯ ನಡೆ ನಡೆಸಿದರೆ ನಾನು ಖುಷಿಪಡಬೇಕು, ಕೆಟ್ಟ ನಡೆ ನಡೆಸಿದರೆ ಅವಳ ಜೊತೆ ನಾನೂ ಮುಳುಗಬೇಕು. ಬೇರೆ ದಾರಿ ಕಾಣದೆ, ವಾರದ ನಡುವೆ ಶಾಲೆಯಿಂದ ಬಂದ ಮೇಲೆ ಹಲಗೆಯನ್ನು ಮಂಚದ ಕೆಳಗಿಂದ ಎಳೆದು ಒಬ್ಬಳೇ ಆಡಿದೆ. ಗೌಡನೂ ನಾನೇ, ಅಂಬಿಗನೂ ನಾನೇ, ಹೊಳೆಯೂ ನಾನೇ. ಕೊನೆಗೊಂದು ಉಪಾಯ ಹೊಳೆಯಿತು. ಮೇಲಿನ ಓಣಿಯವರು ಹೇಗೂ ನಡೆದು ಹೋಗುತ್ತಾರೆ, ಗೌಡ ಅವರನ್ನು ಬಿಟ್ಟು ಕೆಳಗಿಳಿದು ಬಂದರೆ ಒಂದು ಸುತ್ತು ಉಳಿಯುತ್ತದೆ. ಭಾನುವಾರ ಬರುವವರೆಗೆ ಅದನ್ನು ಬಾಯಲ್ಲಿ ಪೆಪ್ಪರಮಿಂಟ್ ಇಟ್ಟುಕೊಂಡ ಹಾಗೆ ಇಟ್ಟುಕೊಂಡಿದ್ದೆ. ಹೇಳಿದಾಗ ಅಪ್ಪ ತಲೆದೂಗಿದರು.

“ಛಲೋ ಐತಿ. ವಸಂತಾ, ನೀ ಏನಂತೀ?”

ಅವಳು ಒಪ್ಪಿದಳು. ಅವಳು ಒಪ್ಪಿದ ಮೇಲೆಯೇ ಅದು ನಡೆಯಿತು. ಅವತ್ತು ನಾವು ಗೆದ್ದೆವು, ನಾನು ಊಟ ಸರಿಯಾಗಿ ಮಾಡಲಿಲ್ಲ. ಅವ್ವ ಹಣೆ ಮುಟ್ಟಿ ನೋಡಿ, ಜ್ವರ ಇಲ್ಲ ಎಂದಳು. ಬಾಯಿ ತೆರೆದು ಹೇಳುವಂಥ ರೋಗವೂ ಅದಾಗಿರಲಿಲ್ಲ.

ಆ ಮಳೆಗಾಲದ ಒಂದು ಭಾನುವಾರ ಅಪ್ಪ ಜೇಬಿನಿಂದ ಒಂದು ಪುಟ್ಟ ಮರದ ದೋಣಿ ತೆಗೆದರು. ಅಲ್ಲಿಯವರೆಗೆ ದೋಣಿ ಎಂದರೆ ನಮಗೆ ಒಂದು ಬಳೆಚೂರು. ಕಾರ್ಖಾನೆಯ ಮರಗೆಲಸದ ಗೆಳೆಯನಿಂದ ತೇಗದ ತುಂಡು ತಂದು, ಬ್ಲೇಡಿನಿಂದ ಕೆತ್ತಿ, ಮರಳು ಕಾಗದದಿಂದ ಉಜ್ಜಿ ಇದನ್ನು ಮಾಡಿದ್ದರು. ಒಳಗೆ ಎರಡು ಹುಣಸೆಬೀಜ ಕೂರುವಷ್ಟು ತಗ್ಗಿತ್ತು. ಚಾಪೆಯ ಮೇಲೆ ನಾವೆಲ್ಲ ಕೂತಿದ್ದೆವು. ನನ್ನ ಕೈಗೆ ಸಿಗುವಷ್ಟು ಹತ್ತಿರ ಅದನ್ನು ಇಟ್ಟು, “ವಸಂತಾ, ಹೆಂಗೈತಿ ನೋಡವಾ ನಿನ್ನ ದೋಣಿ” ಎಂದರು. ಅವಳು ಕೈ ಚಾಚುವ ಮೊದಲೇ ನಾನದನ್ನು ಎತ್ತಿಕೊಂಡು ಮುಷ್ಟಿ ಬಿಗಿ ಮಾಡಿದೆ.

“ಕೊಡು ಶೈಲಾ.”

“ಕೊಡಂಗಿಲ್ಲ.”

“ಯಾಕ?”

“ಇದು ನಂದು. ಮೊದಲಿಂದೂ ನಾನ ಅಂಬಿಗ. ನೀವು ಅಕೀಗೆ ಕೊಟ್ರಿ. ಎಲ್ಲಾ ಅಕೀಗೆ ಕೊಡ್ತೀರಿ.”

ಅಷ್ಟು ದಿನ ಬಚ್ಚಿಟ್ಟದ್ದು ಎಲ್ಲರೆದುರು ಬಿದ್ದಿತು. ಬಸು ಕಿಟಕಿ ನೋಡತೊಡಗಿದ. ಅಪ್ಪನ ಮುಖದಲ್ಲಿ ಸಿಟ್ಟಿಗಿಂತ ಗಲಿಬಿಲಿ ಹೆಚ್ಚಿತ್ತು. ನನಗೆ ಇಂಥದೊಂದು ಬೇಕಿತ್ತು ಎಂಬುದು ಅವರಿಗೆ ಗೊತ್ತೇ ಇರಲಿಲ್ಲ ಎಂದು ಆಗ ತಿಳಿಯಿತು. ವಸಂತಾ ಕೆಂಪಗಾಗಿ, “ಅವಳೇ ಆಡ್ಲಿ ಕಾಕಾ, ನಂಗೆ ಬೇಡ” ಎಂದಳು. ಅವಳ ಆ ಔದಾರ್ಯ ನನಗೆ ಇನ್ನೂ ಚುಚ್ಚಿತು. ಮುಷ್ಟಿ ಇನ್ನಷ್ಟು ಬಿಗಿಯಾಯಿತು. ದೋಣಿಯ ಮೂತಿ ಅಂಗೈಗೆ ಒತ್ತುತ್ತಿತ್ತು.

ಅವ್ವ ಅಡುಗೆಮನೆಯಿಂದ ಎದ್ದು ಬಂದಳು. ಸೆರಗಿಗೆ ಕೈ ಒರೆಸಿಕೊಂಡು ನನ್ನ ಪಕ್ಕ ಬಗ್ಗಿ, ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ದೋಣಿ ತೆಗೆದುಕೊಂಡಳು. ಈಗ ಇವಳೂ ಅದನ್ನು ವಸಂತಾಳಿಗೇ ಕೊಡುತ್ತಾಳೆ ಎಂದುಕೊಂಡೆ. ಅವ್ವ ಕೊಡಲಿಲ್ಲ. ನನ್ನನ್ನೂ ವಸಂತಾಳನ್ನೂ ಆಚೀಚೆ ಸರಿಸಿ, ಅಪ್ಪನ ಎದುರು ಚಾಪೆಯ ಮೇಲೆ ಕೂತಳು.

“ಸರೀರಿ. ಇದು ಇವರಿಬ್ಬರದೂ ಅಲ್ಲ. ಇದು ನಂದು.”

ಅಪ್ಪ ನಗಲು ನೋಡಿದರು. ಅವ್ವ ನಗಲಿಲ್ಲ.

“ಹೊಳಿ ಬಂದಾಗ ನೀವು ಎಲ್ಲಿದ್ರಿ?”

“ಇಲ್ಲೆ. ಬೆಂಗಳೂರಾಗ. ಟ್ರೇನಿಂಗಿನ್ಯಾಗ.”

“ಮತ್ತ ಈ ಓಣಿ, ಈ ಗುಡಿ, ಈ ಕೆಳಗಿನ ಮನಿ ನಿಮಗ ಹೆಂಗ ಗೊತ್ತಾದ್ವು?”

“ನೀ ಹೇಳಿದ್ದೆಲ್ಲಾ,” ಅಂದರು ಅಪ್ಪ. ಅವರ ದನಿ ತಗ್ಗಿತ್ತು.

ಅವತ್ತು ಅವ್ವ ಹೇಳಿದ್ದನ್ನು ನಾನು ಮೊದಲ ಬಾರಿಗೆ ಕೇಳಿದೆ. ಅಪ್ಪ ಓದಿಗೆಂದು ಚಿಕ್ಕಂದಿನಲ್ಲೇ ಬಿಟ್ಟುಬಂದಿದ್ದ, ಮಲಪ್ರಭೆಯ ದಂಡೆಯ ಆ ಊರಿಗೆ ಅವಳು ಸೊಸೆಯಾಗಿ ಹೋಗಿ ಎರಡು ವರ್ಷವೂ ಆಗಿರಲಿಲ್ಲ. ಕೆಳಗಿನ ಒಂಟಿ ಮನೆಯಲ್ಲಿ ಗಂಗವ್ವ ಎಂಬಾಕೆ ಇದ್ದಳು. ಹೊಸ ಊರಿನಲ್ಲಿ ಅವ್ವನಿಗೆ ಇದ್ದ ಗೆಳತಿ ಅವಳೊಬ್ಬಳೇ. ನೀರು ಏರಿದಾಗ ದೋಣಿ ಬಂತು. ಕೂಸು ಬಸುವನ್ನು ಎದೆಗವಚಿಕೊಂಡು ಅವ್ವ ಹತ್ತಿದಳು. ಗಂಗವ್ವನನ್ನೂ ಕರೆದುಕೊಂಡು ಬನ್ನಿ ಎಂದಳು. ಅವಳು ಎಮ್ಮೆ ಬಿಟ್ಟು ಬರುವುದಿಲ್ಲ, ಅಲ್ಲಿಗೆ ಹೋಗಿ ಬರಲು ಹೊತ್ತಿಲ್ಲ ಎಂದ ಅಂಬಿಗ. ದೋಣಿ ತಿರುಗಿತು. ತನ್ನ ಮನೆಯ ಮಾಡು ಹತ್ತಿ ನಿಂತಿದ್ದ ಗಂಗವ್ವ ಅವ್ವನ ಹೆಸರು ಹಿಡಿದು ಕೂಗಿದಳು.

“ಸತ್ಲಾ ಅಕಿ?” ಬಸು ಕೇಳಿದ.

“ಇಲ್ಲ. ಉಳದ್ಲು. ಹೊಳಿ ಇಳದ ಮ್ಯಾಲೆ ಮಾಡಿಂದ ತಾನ ಇಳದ ಬಂದ್ಲು. ಆದ್ರ ನನ್ನ ಕೂಡ ಮತ್ತ ಮಾತಾಡ್ಲಿಲ್ಲ. ನಾ ಬೆಂಗಳೂರಿಗೆ ಬರೂ ದಿನಾನೂ ಬಾಗಿಲ ತಗೀಲಿಲ್ಲ.”

ಹೊರಗೆ ಮಳೆ ಸುರಿಯುತ್ತಿತ್ತು. ಅವ್ವ ದೋಣಿಯನ್ನು ಬೆರಳಲ್ಲಿ ತಿರುಗಿಸುತ್ತ ಅಪ್ಪನಿಗೇ ಹೇಳಿದಳು.

“ಊರ ಬಿಟ್ಟು ಇಲ್ಲಿಗೆ ಬಂದ ಹೊಸತಾಗ ದಿನಾ ಸಂಜೀ ನಿಮ್ಮ ಮುಂದ ಇದನ್ನ ಹೇಳ್ತಿದ್ದೆ. ಆಮ್ಯಾಲೆ ನೀವು ಕೇಳೂದು ಬಿಟ್ರಿ, ಮರತಾರ ಅಂದ್ಕೊಂಡೆ. ನೋಡಿದ್ರ ಆಟಾ ಮಾಡಿದ್ರಿ. ಮಾಡ್ರಿ, ಬ್ಯಾಡನ್ನಂಗಿಲ್ಲ. ಕೆಳಗಿನ ಮನಿ ಬಿಟ್ಟಬಿಡೂಣು ಅಂತ ವಾರಾ ವಾರಾ ನಕ್ಕೋತ ಗೆಲ್ಲೂದನ್ನ ಅಲ್ಲಿ ಕುಂತು ಕೇಳೀನಿ. ಒಂದ ದಿನಾನೂ ‘ಬಾ, ನೀನೂ ಕೂಡು’ ಅಂತ ಅನ್ಲಿಲ್ಲ ನೀವು.”

ಅವ್ವ ಇಷ್ಟುದ್ದ ಮಾತಾಡಿದ್ದನ್ನು ನಾನು ನೋಡಿರಲಿಲ್ಲ. ಅವಳ ದನಿಯಲ್ಲಿ ಅಳುವಿರಲಿಲ್ಲ. ಆದರೆ ಆ ದನಿ ನನಗೆ ಪರಿಚಯದ್ದಾಗಿತ್ತು, ಸ್ವಲ್ಪ ಮುಂಚೆ ನನ್ನ ಬಾಯಿಂದಲೇ ಬಂದಿತ್ತು. ವಸಂತಾ ತಲೆ ತಗ್ಗಿಸಿ ಚಾಪೆಯ ನಾರು ಕೀಳುತ್ತಿದ್ದಳು. ಅವಳ ಉಪಾಯದಲ್ಲಿ ತಪ್ಪೇನೂ ಇರಲಿಲ್ಲ. ಅವ್ವನೂ ಅವಳ ಬೆನ್ನ ಮೇಲೆ ಕೈಯಾಡಿಸಿ, “ನಿನಗೇನ ಗೊತ್ತವಾ ಅದು” ಎಂದಳು. ಅಪ್ಪ ಕವಡೆಗಳನ್ನು ಎತ್ತಿ ಅವ್ವನ ಅಂಗೈಗೆ ಹಾಕಿ, “ನೀ ಹಾಕು” ಎಂದರು.

ಅವ್ವ ಆಟದಲ್ಲಿ ಬಹಳ ಕಚ್ಚಾ. ದೋಣಿಯನ್ನು ನೆಟ್ಟಗೆ ಕೆಳಗಿನ ಮನೆಗೆ ಬಿಟ್ಟಳು.

“ಅವ್ವಾ, ಮೊದಲ ಅಲ್ಲಿಗೆ ಹೋದ್ರ ಸೋಲ್ತೀವಿ,” ಬಸು ಅಂದ.

“ಸೋಲೂಣಂತ.”

ಹೆಂಗಸನ್ನೂ ಎಮ್ಮೆಯನ್ನೂ ದೋಣಿಯಲ್ಲಿಟ್ಟು ದಿಬ್ಬಕ್ಕೆ ತಂದಳು. ಅಷ್ಟರಲ್ಲಿ ನಡು ಓಣಿಯಲ್ಲಿ ಮೂರು ಮನೆ ಹೋಗಿದ್ದವು. ಊರು ಮುಳುಗಿತು. ಅವ್ವ ಮುಳುಗಿದ ಊರನ್ನು ನೋಡಿ, ಬಾಯಿಗೆ ಸೆರಗು ಹಿಡಿದು ನಕ್ಕಳು. ಅಪ್ಪನೂ ನಕ್ಕರು. ಮತ್ತೊಂದು ಆಟ ಹೂಡಿದರು.

ಅಲ್ಲಿಂದ ಮುಂದೆ ಭಾನುವಾರ ಅವರಿಬ್ಬರದಾಯಿತು. ಅವ್ವ ಮಧ್ಯಾಹ್ನದ ಪಾತ್ರೆಗಳನ್ನು ಹಾಗೇ ನೆನೆಹಾಕಿ ಬಂದು ಕೂರುತ್ತಿದ್ದಳು. ಅಪ್ಪ ಹೊಸ ಹಾಳೆ ತಂದು ಊರನ್ನು ಮತ್ತೆ ಬರೆದರು. ಈ ಮೂಲೆಯಲ್ಲಿ ಯಾರಿದ್ದರು, ಬಾವಿ ಎಲ್ಲಿತ್ತು, ಬೇವಿನ ಮರ ರಸ್ತೆಯ ಎಡಕ್ಕೋ ಬಲಕ್ಕೋ ಎಂದು ಕೇಳಿ ಕೇಳಿ ಬರೆದರು. ಅವ್ವ ಅವರ ಪೆನ್ಸಿಲ್ ಕಸಿದು ತಾನೇ ಗೆರೆ ಎಳೆಯುತ್ತಿದ್ದಳು. ನಾನೂ ವಸಂತಾಳೂ ಎದುರಿಗೇ ಇರುತ್ತಿದ್ದೆವು. ನಮ್ಮ ಸರದಿ ಬಂದಾಗ ಅಪ್ಪ ತಲೆಯೆತ್ತದೆ, “ಹಾಂ, ನಡಸ್ರಿ” ಎನ್ನುತ್ತಿದ್ದರು. “ನೀ ಏನಂತೀ?” ಎಂಬ ಪ್ರಶ್ನೆ ಈಗ ಅವ್ವನಿಗೆ. ಅವ್ವನ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು, ಅಪ್ಪನ ಮೇಲೂ ಆಯಿತು. ಆ ಊರಿನ ಬಗ್ಗೆ ಇಬ್ಬರೂ ಸೇರಿ ನಗುವಾಗ, ಆ ಹೊಳೆಯನ್ನು ನಾನು ನೋಡಿಲ್ಲವಲ್ಲ ಎಂದು ಹೊಳೆಯ ಮೇಲೂ ಆಯಿತು. ಬಸು ಕ್ರಿಕೆಟ್ಟಿಗೆ ಓಡಿಹೋಗುತ್ತಿದ್ದ. ಒಂದು ಭಾನುವಾರ ನಾವಿಬ್ಬರೂ ಹೊರಗಿನ ಮೆಟ್ಟಿಲ ಮೇಲೆ ಕೂತಿದ್ದಾಗ ವಸಂತಾ ಹೇಳಿದಳು.

“ನಿಮ್ಮಪ್ಪ ನಮ್ಮ ಕಡೆ ನೋಡೋದೇ ಇಲ್ಲ ಕಣೆ ಈಗ.”

ಅವಳಿಗೂ ಉರಿಯುತ್ತಿದೆ ಎಂದು ತಿಳಿದದ್ದೇ ನನಗೆ ಎಷ್ಟೋ ದಿನಗಳ ಮೇಲೆ ಅವಳ ಜೊತೆ ಮಾತಾಡಬೇಕೆನ್ನಿಸಿತು. ಅವಳು ನಮ್ಮವ್ವನನ್ನು ಸ್ವಲ್ಪ ಬೈದಳು, ನಾನು ಬೇಡ ಅನ್ನಲಿಲ್ಲ. ಒಳಗಿನಿಂದ ಕವಡೆ ಕುಲುಕುವ ಸದ್ದು, ಅವ್ವನ ನಗು ಕೇಳುತ್ತಿತ್ತು.

“ನಮ್ಮನೆಗೆ ಬರ್ತೀಯಾ?” ಅವಳು ಕೇಳಿದಳು. “ಈ ವಾರ ನಮ್ಮಪ್ಪಂಗೆ ಹಗಲು ಪಾಳಿ. ಇವತ್ತು ರಜಾ, ಎದ್ದಿರ್ತಾರೆ.”

ಅಷ್ಟು ದಿನದ ಗೆಳೆತನದಲ್ಲಿ ನಾನು ಅವಳ ಮನೆಯೊಳಗೆ ಕಾಲಿಟ್ಟಿರಲಿಲ್ಲ. ಅವಳ ಅಪ್ಪ ಬನಿಯನ್ ಹಾಕಿಕೊಂಡು, ಕಿಟಕಿಯ ಪಕ್ಕ ಕುರ್ಚಿಯಲ್ಲಿ ಕೂತು ಕಡ್ಲೆಪುರಿ ತಿನ್ನುತ್ತಿದ್ದರು. ಎತ್ತರದ ಆಳು, ದಪ್ಪ ಮೀಸೆ. ಗೇಟಿನಲ್ಲಿ ಖಾಕಿ ಹಾಕಿ ನಿಂತಾಗ ನೋಡಿದ್ದ ಮುಖವೇ ಬೇರೆ, ಇದೇ ಬೇರೆ. ನನಗೊಂದು ಮಣೆ ಸರಿಸಿ, ಕಡ್ಲೆಪುರಿಯ ತಟ್ಟೆಯನ್ನು ನನ್ನ ಮುಂದಿಟ್ಟರು.

“ಬಾರಮ್ಮ, ಕೂತ್ಕೊ. ನೀನೇನಾ ಶೈಲಾ? ಅದೇನೋ ನೀರಿನ ಆಟ ಆಡ್ತೀರಂತಲ್ಲ. ಇವ್ಳು ಹೇಳಿದ್ದು ನಂಗೆ ಒಂದೂ ಅರ್ಥ ಆಗ್ಲಿಲ್ಲ. ನೀನ್ ಹೇಳು ನೋಡೋಣ.”

ನಾನು ಹೇಳಿದೆ. ಕಡ್ಲೆಪುರಿಯೊಳಗಿನ ಕಡಲೆಕಾಯಿಬೀಜಗಳನ್ನು ಆಯ್ದು ತಟ್ಟೆಯ ಮೇಲೆ ಮನೆಗಳಂತೆ ಜೋಡಿಸಿ, ಗುಡಿ ಇಲ್ಲಿ, ಹೊಳೆ ಇಲ್ಲಿ, ದೋಣಿ ಹೀಗೆ ಹೋಗಬೇಕು ಎಂದು ತೋರಿಸಿದೆ. ಅವರು ಕುರ್ಚಿಯಿಂದ ಇಳಿದು ನೆಲದ ಮೇಲೆ ಕೂತರು. ನನ್ನ ಬೆರಳು ಹೋದಲ್ಲೆಲ್ಲ ಅವರ ಕಣ್ಣು ಬಂತು. “ನಿಧಾನ, ನಿಧಾನ, ಇದೊಂದು ಇನ್ನೊಂದ್ಸಲ ಹೇಳಮ್ಮ” ಎಂದು ನಿಲ್ಲಿಸಿದರು. “ಹಾಗಾದ್ರೆ ಅಂಬಿಗನೇ ಮುಖ್ಯ ಅನ್ನು” ಎಂದರು. ಇಷ್ಟು ದಿನ ನಾನು ಕಾದಿದ್ದ ನೋಟ ನನಗೆ ಗೊತ್ತಿಲ್ಲದ ಈ ಮನೆಯಲ್ಲಿ, ಗೊತ್ತಿಲ್ಲದ ಈ ಮನುಷ್ಯನ ಮುಖದಲ್ಲಿ ನನಗೆ ಸಿಕ್ಕಿತ್ತು. ನಾನು ಇನ್ನೂ ಹುರುಪಿನಿಂದ ಹೇಳಿದೆ. ಇಲ್ಲದ ನಿಯಮಗಳನ್ನೂ ಒಂದೆರಡು ಸೇರಿಸಿದೆ.

ವಸಂತಾ ಬಾಗಿಲಿಗೆ ಒರಗಿ ನಿಂತಿದ್ದಳು. ಅವರಪ್ಪ ನನ್ನ ಮಾತಿಗೆ ಜೋರಾಗಿ ನಕ್ಕಾಗ ಅವಳು ಬಂದು ಅವರ ಭುಜಕ್ಕೆ ಅಂಟಿಕೊಂಡು ಕೂತಳು.

“ಸಾಕು ಬಿಡಪ್ಪಾ. ಅವಳು ಮನೆಗೆ ಹೋಗ್ಬೇಕು. ಅವರಮ್ಮ ಕಾಯ್ತಿರ್ತಾರೆ.”

ಅವ್ವ ಕಾಯುತ್ತಿರಲಿಲ್ಲ. ಅದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಅವಳ ಮುಖ ನೋಡಿದೆ. ಆ ಮುಖ ಒಳಗಿನಿಂದ ಹೇಗಿರುತ್ತದೆಂದು ಆ ಜಾಲಹಳ್ಳಿಯಲ್ಲಿ ನನ್ನಷ್ಟು ಬಲ್ಲವರು ಬೇರೆ ಯಾರೂ ಇರಲಿಲ್ಲ.

“ಇಲ್ಲ ಅಂಕಲ್, ಏನೂ ಅರ್ಜೆಂಟಿಲ್ಲ,” ಎಂದು ನಾನು ಮಣೆಯ ಮೇಲೆ ಇನ್ನಷ್ಟು ಸರಿಯಾಗಿ ಕೂತೆ.